ದಾಖಲೆಗಳಿಗೆ ವಾರಸುದಾರರು ಬೇಕು

ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ನಮ್ಮ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕಚೇರಿಗಳಲ್ಲಿಯೂ ಜನರು ರೆಕಾರ್ಡ್ ರೂಮ್ ಎಂದು ಕರೆಯುವ ಕೊಠಡಿಯೊಂದು ಉಂಟು. ಕೈಬರಹದ ಪಹಣಿಗಳು, ಆಕಾರಬಂದ್ ಪುಸ್ತಕಗಳು, ದರಖಾಸ್ತು ಮತ್ತು ಮಂಜೂರಾತಿಯ ಕಡತಗಳು, ಇನಾಮುಗಳು ರದ್ದಾದ ಕಾಲದ ವಿಚಾರಣೆಯ ಹಾಳೆಗಳು ಇವೇ ಅಂಥ ಕೊಠಡಿಯ ಸಂಪತ್ತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ಭೂಮಿಯ ಬೆಲೆ ಏರುತ್ತ ಹೋದಂತೆಲ್ಲ, ಆ ಕಡತಗಳ ಒಂದೊಂದು ಹಾಳೆಗೂ ಒಂದೊಂದು ಕುಟುಂಬದ ಅಳಿವು ಉಳಿವುಗಳನ್ನು ನಿರ್ಣಯಿಸುವ ಶಕ್ತಿ ಬಂದಿದೆ. ಇಂಥ ಶಕ್ತಿಯುಳ್ಳ ವಸ್ತುವನ್ನು ಕಾಪಾಡುವವರೂ, ವರ್ಗೀಕರಿಸುವವರೂ, ಓದಿ ಅರ್ಥ ಹೇಳುವವರೂ ಯಾರಾಗಿರಬೇಕೆಂಬುದು ಕಚೇರಿಯ ಒಳಾಡಳಿತಕ್ಕಷ್ಟೇ ಸೇರಿದ ಸಂಗತಿಯಲ್ಲ. ಅದು ನ್ಯಾಯಕ್ಕೆ ಸಂಬಂಧಿಸಿದ ಪ್ರಶ್ನೆ. ಅಲ್ಪಸಂಖ್ಯಾತ ಹಾಗೂ ಪರಿಶಿಷ್ಟ ಸಮುದಾಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಪತ್ರಾಗಾರದ ವೃತ್ತಿಗೆ ಕರೆತರತಕ್ಕ ವಿಶೇಷ ವಿದ್ಯಾರ್ಥಿವೇತನವೊಂದನ್ನು ನಮ್ಮ ರಾಜ್ಯವು ಸ್ಥಾಪಿಸಬೇಕೆಂದು ನಾನು ಹೇಳುವುದು ಆ ವಿದ್ಯಾರ್ಥಿಗಳ ಮೇಲಣ ಕನಿಕರದಿಂದಲ್ಲ. ದಾಖಲೆಗಳಿಗೇ ಅವರ ಆವಶ್ಯಕತೆ ಇದೆಯೆಂಬ ನಂಬಿಕೆಯಿಂದ.

ಈ ಕಾಗದಗಳಲ್ಲಿ ಯಾರ ಬದುಕು ಅಡಗಿದೆಯೆಂಬುದನ್ನು ಮೊದಲು ನೋಡೋಣ. 1961ರಲ್ಲಿ ರಚಿತವಾಗಿ 1963ರಲ್ಲಿ ಜಾರಿಗೆ ಬಂದ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆ, ತಲೆತಲಾಂತರದಿಂದ ಊರ ಚಾಕರಿ ಮಾಡಿದ ತೋಟಿ, ತಳವಾರ, ನೀರಗಂಟಿ ಮೊದಲಾದವರಿಗೆ ಅವರು ಉಳುತ್ತಿದ್ದ ಇನಾಮು ಭೂಮಿಯನ್ನು ಮರುಮಂಜೂರು ಮಾಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. 1978ರ ಪಿ.ಟಿ.ಸಿ.ಎಲ್. ಕಾಯಿದೆ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿ ಪರರ ಕೈಸೇರಿದ್ದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ತೋರಿತು; 2023ರ ತಿದ್ದುಪಡಿ, ಅಂಥ ಅರ್ಜಿಗೆ ಕಾಲಮಿತಿಯ ತಡೆಯಿಲ್ಲವೆಂದು ಸಾರಿತು. ಆದರೆ ಈ ಹಕ್ಕುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಮೂಲ ಮಂಜೂರಾತಿಯ ಕಡತದ ಮೇಲೆ, ಒಂದು ಸಾಗುವಳಿ ಚೀಟಿಯ ಮೇಲೆ. ಕಡತ ಲಭ್ಯವಿಲ್ಲ ಎಂಬ ಹಿಂಬರಹ ಬಂದರೆ ಶಾಸನಸಭೆ ಕೊಟ್ಟ ಹಕ್ಕು ಅಲ್ಲಿಗೇ ನಿಶ್ಶಕ್ತವಾಗುತ್ತದೆ. ಮಸೀದಿ, ದರ್ಗಾ, ಖಬರಸ್ಥಾನಗಳ ಭೂಮಿಯ ವಿಚಾರದಲ್ಲಿಯೂ ಇದೇ ಮಾತು. ಹೀಗೆ ಯಾರ ಜೀವನವು ದಾಖಲೆಗಳಿಗೆ ಅತ್ಯಂತ ಅಧೀನವಾಗಿದೆಯೋ ಅವರ ಮಕ್ಕಳು ಆ ದಾಖಲೆಗಳ ಪಾಲಕರಾಗಿರುವುದು ನನಗೆ ಕಂಡಮಟ್ಟಿಗೆ ಬಹು ವಿರಳ. ಅರ್ಜಿ ಹಿಡಿದು ಕಿಟಕಿಯ ಹೊರಗೆ ನಿಂತವರ ಸಾಲಿನಲ್ಲಿ ಅವರಿದ್ದಾರೆ. ಒಳಗೆ ಕುಳಿತು ಕಡತವನ್ನು ಬಿಚ್ಚಿ ಓದುವವರ ಸಾಲಿನಲ್ಲಿ ಅವರಿಲ್ಲ.

ಇನ್ನು ಓದುವ ಸಾಮರ್ಥ್ಯದ ವಿಷಯ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟವನ್ನು ತೆರೆದವರಿಗೆ, ಬೆಂಗಳೂರು ಸೀಮೆಯ ಕಲ್ಲುಗಳಲ್ಲಿ ಕನ್ನಡದೊಂದಿಗೆ ತಮಿಳೂ ಹೇರಳವಾಗಿರುವುದು ಕಾಣುತ್ತದೆ. ಕಾಗದದ ಕಾಲಕ್ಕೆ ಬಂದರೆ ಬಹುಭಾಷೆಯ ಈ ಸ್ವಭಾವ ಮತ್ತೂ ಹೆಚ್ಚುತ್ತದೆ. 18ನೆಯ ಶತಮಾನದ ಆದಿಭಾಗದಲ್ಲಿ ದೊಡ್ಡಬಳ್ಳಾಪುರ ಅಬ್ಬಾಸ್ ಕುಲಿ ಖಾನನ ಜಾಗೀರಾಗಿತ್ತು. ಆ ಬಗೆಯ ಆಡಳಿತದ ವ್ಯವಹಾರಭಾಷೆ ಪಾರಸಿ. ಮೈಸೂರು ಸಂಸ್ಥಾನದ ಲೆಕ್ಕಪತ್ರಗಳಲ್ಲಿ ಮರಾಠಿಯೂ ಅದರ ಮೋಡಿ ಲಿಪಿಯೂ ದೀರ್ಘಕಾಲ ನಡೆದುಬಂದವು. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು ತನ್ನ 37 ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟ ಪುಸ್ತಕ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವನ ಗ್ರಂಥಭಂಡಾರದ ವಿವರಣಾತ್ಮಕ ಸೂಚಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚುಹಾಕಿಸಿದ. ನಮ್ಮ ನೆಲದ ಪತ್ರಗಳನ್ನು ಓದಿ ಸೂಚಿ ಮಾಡುವ ವಿದ್ಯೆ ಎರಡು ಶತಮಾನಗಳ ಹಿಂದೆಯೇ ಪರದೇಶದಲ್ಲಿ ನಡೆದಿತ್ತು. ಆ ವಿದ್ಯೆ ಇಂದು ನಮ್ಮ ತಾಲ್ಲೂಕುಗಳಲ್ಲಿ ಅಪೂರ್ವವಾಗಿರುವುದು ದುಃಖದ ಸಂಗತಿಯಲ್ಲದೆ ಮತ್ತೇನು?

ಆದರೆ ಅದರ ಬೀಜ ಇಲ್ಲಿಯೇ ಇದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದು ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ಹೆಣ್ಣುಮಗಳೊಬ್ಬಳು ಇತಿಹಾಸದಲ್ಲಿ ಎಂ.ಎ. ಮಾಡಿದರೆ, ಪಾರಸಿಯ ಲಿಪಿಯನ್ನು ಕಲಿಯುವ ಶ್ರಮದ ಮೊದಲ ಭಾಗವನ್ನು ಅವಳು ಬಾಲ್ಯದಲ್ಲಿಯೇ ಮುಗಿಸಿರುತ್ತಾಳೆ. ಊರ ಎಲ್ಲೆಯನ್ನು ನಡೆದು ತೋರಿಸುತ್ತಿದ್ದ ತೋಟಿಯ ಮೊಮ್ಮಗನಿಗೆ, ಯಾವ ಗುಂಡುತೋಪು ಎಲ್ಲಿಯವರೆಗೆ, ಯಾವ ಗೋಮಾಳದ ಹಳೆಯ ಹೆಸರೇನು ಎಂಬ ತಿಳಿವು ಮನೆಯ ಮಾತಿನಿಂದಲೇ ದೊರೆತಿರುತ್ತದೆ. ಹೊರಗಿನಿಂದ ಬಂದ ವಿದ್ವಾಂಸ ಹಲವು ವರ್ಷ ದುಡಿದು ಸಂಪಾದಿಸಬೇಕಾದ ಈ ಜ್ಞಾನವನ್ನು ಬಳಸಿಕೊಳ್ಳದ ಸಮಾಜ ತನ್ನ ನಷ್ಟವನ್ನು ತಾನೇ ತಂದುಕೊಳ್ಳುತ್ತದೆ.

ಅಡ್ಡವಿರುವುದು ಹಣ. ಪತ್ರಾಗಾರ ಶಾಸ್ತ್ರವನ್ನು ಕ್ರಮವಾಗಿ ಕಲಿಯಬೇಕಾದರೆ ರಾಷ್ಟ್ರೀಯ ಪತ್ರಾಗಾರವು ನಡೆಸುವ ಒಂದು ವರ್ಷದ ಡಿಪ್ಲೊಮಾಗೆಂದು ದೆಹಲಿಗೆ ಹೋಗಬೇಕು. ಎಂ.ಎ. ಮುಗಿದೊಡನೆ ಮನೆಗೆ ಸಂಬಳ ತರಬೇಕಾದ ಮಕ್ಕಳಿಗೆ, ಸಂಬಳವಿಲ್ಲದ ಇನ್ನೊಂದು ವರ್ಷವೆಂದರೆ ದಾಟಲಾಗದ ಹೊಳೆ. ಪರಿಶಿಷ್ಟ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವೇತನ 1944ರಿಂದ ಇದೆ. ವೈದ್ಯಕೀಯ, ಇಂಜಿನಿಯರಿಂಗುಗಳಂಥ ಶಿಕ್ಷಣಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಆದರೆ ಅಲ್ಪಸಂಖ್ಯಾತರ ಸಂಶೋಧನೆಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಇತರ ಯೋಜನೆಗಳೊಡನೆ ಅದು ಅತಿವ್ಯಾಪಿಸುತ್ತದೆಂಬುದು ಆಗ ಹೇಳಿದ ಕಾರಣ. ಪತ್ರಾಗಾರ ವೃತ್ತಿಗೆಂದೇ ಮೀಸಲಾದ ನೆರವಿಗೆ ಆ ಆಕ್ಷೇಪ ತಗಲಲಾರದು.

ಸಮುದಾಯ ನೋಡಿ ನೆರವು ಕೊಡುವುದು ಯೋಗ್ಯತೆಗೆ ಕುಂದಲ್ಲವೇ ಎಂದು ಕೇಳುವವರಿದ್ದಾರೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಮುಂದೆಯೂ ಇದೇ ಪ್ರಶ್ನೆಯಿತ್ತು. ಸರ್ಕಾರಿ ಸೇವೆ ಎಲ್ಲ ಸಮುದಾಯಗಳಿಗೂ ತೆರೆದುಕೊಳ್ಳಬೇಕಾದರೆ ಹುದ್ದೆಗಳ ಜೊತೆಗೆ ವಿದ್ಯಾರ್ಥಿವೇತನಗಳೂ ಬೇಕೆಂಬ ದಾರಿಯನ್ನು ಆ ಸಮಿತಿ ಹಿಡಿಯಿತು. ಅದರಿಂದ ಸಂಸ್ಥಾನದ ಆಡಳಿತ ಕೆಡಲಿಲ್ಲ, ಬಲವಾಯಿತು. ಹೊರದೇಶದಲ್ಲಿಯೂ ಇದಕ್ಕೆ ನಿದರ್ಶನವುಂಟು. ಅಮೆರಿಕದ ರಾಷ್ಟ್ರೀಯ ಪತ್ರಾಗಾರವನ್ನು 1942ರಲ್ಲಿ ಸೇರಿದ ಹೆರಾಲ್ಡ್ ಪಿಂಕೆಟ್ ಅಲ್ಲಿನ ಮೊದಲ ಆಫ್ರಿಕನ್ ಅಮೆರಿಕನ್ ಪತ್ರಾಗಾರ ತಜ್ಞರು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆಂದು ಆ ದೇಶದ ಪತ್ರಾಗಾರ ವೃತ್ತಿಯ ಸಂಘ ನೀಡುವ ಪುರಸ್ಕಾರಕ್ಕೆ ಇಂದು ಅವರದೇ ಹೆಸರು. ಗುಲಾಮಗಿರಿಯ ದಾಖಲೆಗಳನ್ನು ಇಟ್ಟುಕೊಂಡಿರುವ ದೇಶವು ಆ ದಾಖಲೆಗಳ ಪಾಲಕರು ಯಾರೆಂಬುದನ್ನೂ ಯೋಚಿಸಬೇಕಾಯಿತು.

ಎಲ್ಲವೂ ಸ್ಕ್ಯಾನ್ ಆಗುತ್ತಿರುವಾಗ ಪತ್ರಪಾಲಕರೇಕೆ ಎಂಬುದು ಇನ್ನೊಂದು ಆಕ್ಷೇಪ. ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿದ ‘ಭೂ ಸುರಕ್ಷಾ’ ಕಾರ್ಯ ಸ್ತುತ್ಯವಾದುದು. ಹಾಳೆ ಹರಿಯುವ ಮುನ್ನ, ತಿದ್ದುವ ಕೈ ಬೀಳುವ ಮುನ್ನ ಅದರ ಬಿಂಬ ಉಳಿಯುತ್ತದೆ. ಆದರೆ ಯಂತ್ರ ಬಿಂಬವನ್ನು ಕೊಡುತ್ತದೆಯೇ ಹೊರತು ವಿವೇಚನೆಯನ್ನು ಕೊಡಲಾರದು. ಯಾವ ಹಾಳೆ ಯಾವ ಕಡತಕ್ಕೆ ಸೇರಿದ್ದು, ಯಾವ ನಮೂದು ಅನಂತರ ಸೇರಿಸಿದ್ದು, ಯಾವ ಹೆಸರನ್ನು ಸೂಚಿಯಲ್ಲಿ ಹೇಗೆ ಬರೆದರೆ ಅರ್ಜಿದಾರನಿಗೆ ಸಿಕ್ಕೀತು ಎಂಬುದನ್ನೆಲ್ಲ ನಿರ್ಧರಿಸುವುದಕ್ಕೆ ಶಿಕ್ಷಿತವಾದ ಮನಸ್ಸು ಬೇಕು. ಸೂಚಿಯಲ್ಲಿ ತಪ್ಪಿಹೋದ ಹೆಸರು ಗಣಕಯಂತ್ರದಲ್ಲಿದ್ದೂ ಇಲ್ಲದಂತೆಯೇ.

ಆದಕಾರಣ ಮಾಡತಕ್ಕದ್ದು ಇಷ್ಟು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯೂ, ಅಲ್ಪಸಂಖ್ಯಾತರ ಕಲ್ಯಾಣ ಹಾಗೂ ಸಮಾಜ ಕಲ್ಯಾಣ ಇಲಾಖೆಗಳೂ ಒಡಗೂಡಿ ವರ್ಷಕ್ಕೆ ಕನಿಷ್ಠ ಹನ್ನೆರಡು ಮಂದಿ ಸ್ನಾತಕೋತ್ತರ ಪದವೀಧರರನ್ನು ಆರಿಸಲಿ. ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ. ದೆಹಲಿಯ ವರ್ಷದ ಶುಲ್ಕ, ವಸತಿ, ಊಟದ ವೆಚ್ಚ ಪೂರ್ತಿಯಾಗಿ ಸರ್ಕಾರದ್ದಾಗಲಿ. ಪಾರಸಿಯನ್ನೂ ಮೋಡಿಯನ್ನೂ ಕಲಿಸುವ ಏರ್ಪಾಡು ಬೆಂಗಳೂರಿನಲ್ಲಿ ನಡೆಯಲಿ. ಕಲಿತು ಬಂದವರಿಗೆ ಇನ್ನೊಂದು ವರ್ಷ ವೇತನವಿತ್ತು ಈ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ದಾಖಲೆ ಕೊಠಡಿಗಳಲ್ಲಿ ಕೆಲಸ ಕೊಡಲಿ. ಆ ಬಳಿಕ ತಾಲ್ಲೂಕಿಗೊಂದರಂತೆ ಪತ್ರಪಾಲಕರ ಕಾಯಂ ಹುದ್ದೆಯನ್ನು ನಿರ್ಮಿಸಲಿ. ಏತಕ್ಕೆಂದರೆ ಹುದ್ದೆಯಿಲ್ಲದ ವಿದ್ಯಾರ್ಥಿವೇತನ ಅರ್ಧ ದಾರಿಯಲ್ಲಿ ಕೈಬಿಟ್ಟ ಉಪಕಾರ. ಒಂದು ಎಕರೆಯ ಬೆಲೆ ಕೋಟಿಗಳಲ್ಲಿ ನಡೆಯುವ ಜಿಲ್ಲೆಯಲ್ಲಿ, ಆ ಎಕರೆಯ ಸತ್ಯವನ್ನು ಕಾಯುವ ಹನ್ನೆರಡು ಮಂದಿಯ ಶಿಕ್ಷಣಕ್ಕೆ ಬೇಕಾದ ಹಣ ಸರ್ಕಾರಕ್ಕೆ ಹೊರೆಯೆನಿಸದು. ಬರುವ ಆಯವ್ಯಯದಲ್ಲಿಯೇ ಇದಕ್ಕೊಂದು ಬಾಬ್ತು ಏರ್ಪಡಲಿ; ಜಿಲ್ಲೆಯ ಶಾಸಕರು ಪಕ್ಷಭೇದವಿಲ್ಲದೆ ಅದನ್ನು ಕೇಳಿ ಪಡೆಯಲಿ.