ಪ್ರಯೋಗದ ಖರ್ಚಿಗೆ ಲೆಕ್ಕದಲ್ಲಿ ಜಾಗವೆಲ್ಲಿ?

ದಾವಣಗೆರೆ: ಖಾಸಗಿ ವಲಯದ ಸಂಶೋಧನೆಗೆ ನೆರವಾಗುವ 1 ಲಕ್ಷ ಕೋಟಿ ರೂ. ಮೊತ್ತದ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಜುಲೈ 1ರಂದು ಒಪ್ಪಿಗೆ ನೀಡಿತು. ಅತ್ಯಲ್ಪ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲ ಇದರ ತಿರುಳು. ಆದರೆ ಚನ್ನಗಿರಿಯ ಅಡಿಕೆಗೆ, ಹೊನ್ನಾಳಿ-ನ್ಯಾಮತಿಯ ಭತ್ತಕ್ಕೆ, ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಒಗ್ಗುವ ಯಂತ್ರ ರೂಪಿಸಲು ಹೊರಡುವ ಸಣ್ಣ ಘಟಕಕ್ಕೆ ಮೊದಲು ಎದುರಾಗುವ ಪ್ರಶ್ನೆ ಸಾಲದ್ದಲ್ಲ, ಲೆಕ್ಕದ್ದು. ಪ್ರಯೋಗಕ್ಕೆ ಎಷ್ಟು ಸಾಮಗ್ರಿ ವ್ಯಯವಾಯಿತೆಂದು ತೋರಿಸಲಾಗದವರು ಯಾವ ನೆರವನ್ನೂ ದಿಟ್ಟವಾಗಿ ಕೇಳಲಾರರು.

ಎಲ್ಲಿ ತಪ್ಪುತ್ತದೆ?

ಅಡಿಕೆ ಸುಲಿಯುವ ಯಂತ್ರದ ಹೊಸ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂರು ಬಾರಿ ಕಟ್ಟಿ ಬಿಚ್ಚಿದಾಗ ತಗಡು, ಬ್ಲೇಡು, ಬೇರಿಂಗ್‌ಗಳಿಗೆ ತಲಾ 40,000 ರೂ. ತಗುಲಿತು, ಗುಜರಿಯಿಂದ 15,000 ರೂ. ಮರಳಿತು ಎನ್ನೋಣ. ನಿವ್ವಳ ವೆಚ್ಚ 1,05,000 ರೂ. ಇದನ್ನು ಅದೇ ತಿಂಗಳು ತಯಾರಾದ 20 ಹಳೆಯ ಯಂತ್ರಗಳ ಮೇಲೆ ಹೊರಿಸಿದರೆ ಪ್ರತಿ ಯಂತ್ರದ ವೆಚ್ಚ 5,250 ರೂ. ಹೆಚ್ಚಿದಂತೆ ಕಾಣುತ್ತದೆ. ಲಾಭದ ಯಂತ್ರ ನಷ್ಟದ್ದಾಗಿ ತೋರಿ, ಮಾಲೀಕರು ಬೆಲೆ ಏರಿಸುವ ಇಲ್ಲವೇ ಪ್ರಯೋಗವನ್ನೇ ಕೈಬಿಡುವ ನಿರ್ಧಾರಕ್ಕೆ ಬರಬಹುದು. ಬೆಲೆ ಏರಿದರೆ ಅದನ್ನು ತೆರಬೇಕಾದವರು ಬೆಳೆಗಾರರೆಂದು ಬೇರೆ ಹೇಳಬೇಕಿಲ್ಲ.

ಪರಿಹಾರ ಕಠಿಣವೇನಲ್ಲ. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಯಂಥ ತಂತ್ರಾಂಶಗಳಲ್ಲಿಯೂ ಕಾಸ್ಟ್ ಸೆಂಟರ್, ಪ್ರತ್ಯೇಕ ಗೋದಾಮು, ಸ್ಟಾಕ್ ಜರ್ನಲ್ ಸೌಲಭ್ಯಗಳಿವೆ. ಪ್ರತಿ ಪ್ರಯೋಗಕ್ಕೂ ಒಂದು ಹೆಸರು ಕೊಟ್ಟು, ದಾಸ್ತಾನಿನಿಂದ ಹೊರಡುವ ಪ್ರತಿ ವಸ್ತುವನ್ನು ಆ ಹೆಸರಿಗೆ ಬರೆದರೆ ಸಾಕು. ಉಳಿದದ್ದು ದಾಸ್ತಾನಿಗೆ ಮರಳಬೇಕು. ಗುಜರಿಯ ಹಣ ಅದೇ ಖಾತೆಗೆ ಜಮೆಯಾಗಬೇಕು.

ಕಾನೂನಿನ ದೃಷ್ಟಿ

ಈ ಶಿಸ್ತು ತೆರಿಗೆಗೂ ಅಗತ್ಯ. ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಕಳೆದುಹೋದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದು. ಪ್ರಯೋಗದಲ್ಲಿ ಬಳಕೆಯಾದ ವಸ್ತುವೂ ಹಾಳಾದ ದಾಸ್ತಾನೂ ಬೇರೆ ಬೇರೆ ಎಂದು ಸಾಧಿಸಲು ದಾಖಲೆಯೇ ಆಧಾರ. ಲೆಕ್ಕಪತ್ರ ಮಾನದಂಡ 26 ಕೂಡ ಇದೇ ಬಗೆಯ ವಿಂಗಡಣೆ ಬಯಸುತ್ತದೆ: ಸಂಶೋಧನಾ ಹಂತದ ವೆಚ್ಚ ಆಯಾ ವರ್ಷದ ಖರ್ಚು, ಅಭಿವೃದ್ಧಿ ಹಂತದ್ದು ನಿಗದಿತ ಷರತ್ತುಗಳು ಈಡೇರಿದರೆ ಮಾತ್ರ ಆಸ್ತಿ. ಕಂಪನಿಗಳು 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕಿರುವುದರಿಂದ ವರ್ಷಾಂತ್ಯದಲ್ಲಿ ಗುಟ್ಟಾಗಿ ಲೆಕ್ಕ ಹೊಂದಿಸುವ ಹಾದಿಯೂ ಮುಚ್ಚಿದೆ.

ಹಾಗಿದ್ದರೂ ಪ್ರೋತ್ಸಾಹ ಹೆಚ್ಚಿಲ್ಲ. ಮಾನ್ಯತೆ ಪಡೆದ ಆಂತರಿಕ ಸಂಶೋಧನೆಗೆ ಶೇ 200ರಷ್ಟಿದ್ದ ಆದಾಯ ತೆರಿಗೆ ಕಡಿತ 2017ರಲ್ಲಿ ಶೇ 150ಕ್ಕೆ, 2020ರಲ್ಲಿ ಶೇ 100ಕ್ಕೆ ಇಳಿಯಿತು. ಮೇಲಾಗಿ ಆ ಮಾನ್ಯತೆ ಕಂಪನಿಗಳಿಗಷ್ಟೇ ಮೀಸಲು. ಒಬ್ಬರೇ ಮಾಲೀಕರಿರುವ ವರ್ಕ್‌ಶಾಪ್‌ಗೆ ಅದು ಎಟುಕುವಂಥದ್ದಲ್ಲ.

ತಂತ್ರಾಂಶ ಕೊಂಡಮಾತ್ರಕ್ಕೆ ಲೆಕ್ಕ ಹುಟ್ಟುವುದಿಲ್ಲ. ಬೇರಿಂಗ್ ಕೈಗೆತ್ತಿಕೊಳ್ಳುವ ಕೆಲಸಗಾರ ಅದು ಯಾವ ಕೆಲಸಕ್ಕೆಂದು ಆ ಕ್ಷಣವೇ ಚೀಟಿ ಬರೆಯಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರಗಳ ತರಬೇತಿಯಲ್ಲಿ ಸಾಲದ ಅರ್ಜಿಯಷ್ಟೇ ಮಹತ್ವ ಈ ಚೀಟಿಗೂ ದೊರೆತರೆ, ತಾಲ್ಲೂಕು ಕೇಂದ್ರಗಳ ಜಾಣ್ಮೆ ಗುಜರಿಯ ತೂಕದಲ್ಲಿ ಕರಗಿಹೋಗುವುದು ತಪ್ಪೀತು.