ಎಣ್ಣೆ ಹಾಕದೆ ಟರ್ಬೊ ಕೂರಿಸಬೇಡಿ

ಕಾರಿನ ಟರ್ಬೊ ಕೆಟ್ಟಿದೆ ಎಂದು ಹೇಳಿದಾಗ ಮಾಲೀಕರು ಮೊದಲು ಕೇಳುವುದು ‘ಎಷ್ಟಾಗುತ್ತೆ?’, ಆಮೇಲೆ ‘ಸಂಜೆಗೆ ಗಾಡಿ ಸಿಗುತ್ತಾ?’. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಗ್ಯಾರೇಜು ನಡೆಸುವ ನಾನು ಖಚಿತವಾಗಿ ಹೇಳುತ್ತೇನೆ: ರಿಪೇರಿಯಾದ ಟರ್ಬೊ ಮತ್ತೆ ಹಾಳಾಗಲು ಈ ಎರಡನೇ ಪ್ರಶ್ನೆಯ ಅವಸರವೇ ದೊಡ್ಡ ಕಾರಣ.

ಕಳೆದ ಬೇಸಿಗೆಯಲ್ಲಿ ಮೊಳಕಾಲ್ಮುರಿನ ಸೀರೆ ವ್ಯಾಪಾರಿಯೊಬ್ಬರು ಕಾರು ತಂದರು. ಬೇರೆ ಕಡೆ ಟರ್ಬೊ ಕಟ್ಟಿಸಿ ತಿಂಗಳೂ ತುಂಬಿರಲಿಲ್ಲ. ಪಿಕಪ್ ಇಲ್ಲ, ಸೈರನ್ ತರಹದ ಸದ್ದು, ಹಿಂದೆ ನೀಲಿ ಹೊಗೆ. ಬಿಚ್ಚಿ ನೋಡಿದರೆ ಎಂಜಿನ್ ಆಯಿಲ್ ಹೊಸದು, ಆಯಿಲ್ ಪೈಪು ಶುದ್ಧ, ಪ್ರೆಶರ್ ಕೂಡ ಸರಿ. ಶಾಫ್ಟ್ ಮಾತ್ರ ಕಾದು ನೀಲಿಗಟ್ಟಿ, ಬೇರಿಂಗ್ ಉಜ್ಜಿಹೋಗಿತ್ತು. ಮೊದಲ ಸ್ಟಾರ್ಟಿನಲ್ಲಿ ಟರ್ಬೊ ಎಣ್ಣೆಯಿಲ್ಲದೆ ಒಣಗಿಯೇ ತಿರುಗಿತ್ತು ಎನ್ನುವುದು ಬಿಟ್ಟು ಬೇರೆ ಕಾರಣ ನನಗೆ ಕಾಣಲಿಲ್ಲ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದ ಈ ಯಂತ್ರದಲ್ಲಿ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಸಣ್ಣ ಕಾರುಗಳಲ್ಲಿ ಈ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗಬಲ್ಲದು. ಬೇರಿಂಗಿಗೂ ಶಾಫ್ಟಿಗೂ ನಡುವೆ ಇರುವುದು ತೆಳುವಾದ ಎಣ್ಣೆಯ ಪೊರೆ ಮಾತ್ರ. ಅದಿಲ್ಲದ ಕೆಲವೇ ಸೆಕೆಂಡುಗಳಲ್ಲಿ ಲೋಹಕ್ಕೆ ಲೋಹ ತಾಗುತ್ತದೆ.

‘ಸ್ಟಾರ್ಟ್ ಮಾಡಿದರೆ ಎಣ್ಣೆ ತಾನಾಗಿ ಬರುತ್ತದಲ್ಲ’ ಎಂದು ವಾದಿಸುವ ಮೆಕ್ಯಾನಿಕ್‌ಗಳಿದ್ದಾರೆ. ಬರುತ್ತದೆ, ಆದರೆ ತಡವಾಗಿ. ಹೊಸ ಆಯಿಲ್ ಫಿಲ್ಟರ್ ಮೊದಲು ತುಂಬಬೇಕು, ಖಾಲಿ ಪೈಪು ತುಂಬಬೇಕು, ಆಮೇಲೆ ಟರ್ಬೊಗೆ ಸರದಿ. ಅಷ್ಟರಲ್ಲಿ ಯಾರಾದರೂ ಒಮ್ಮೆ ರೇಸ್ ಮಾಡಿದರೆ ಮುಗಿಯಿತು.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಆಯಿಲ್ ಪೈಪು ಜೋಡಿಸುವ ಮೊದಲು ಟರ್ಬೊದ ಎಣ್ಣೆ ತೂತಿಗೆ ಆ ಎಂಜಿನ್ನಿಗೆ ಹೇಳಿದ ಗ್ರೇಡಿನ ಶುದ್ಧ ಆಯಿಲ್ ಹಾಕಿ, ಚಕ್ರವನ್ನು ಬೆರಳಿನಿಂದ ನಿಧಾನ ತಿರುಗಿಸಬೇಕು. ಕೆಳಗಿನ ರಿಟರ್ನ್ ತೂತಿನಿಂದ ಎಣ್ಣೆ ಇಳಿಯುವವರೆಗೆ ಬಿಡಬಾರದು. ಎಣ್ಣೆ ತೂತುಗಳ ಬಳಿ ಗ್ಯಾಸ್ಕೆಟ್ ಪೇಸ್ಟ್ ಬಳಿಯಬಾರದು, ಕಳಚಿ ಬಿದ್ದ ಚೂರು ಎಣ್ಣೆಯ ದಾರಿಯನ್ನೇ ಕಟ್ಟುತ್ತದೆ. ಎಲ್ಲ ಕೂರಿಸಿದ ಮೇಲೆ ಎಂಜಿನ್ ಹತ್ತಿಕೊಳ್ಳದಂತೆ ಇಂಧನ ತಡೆದು, ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು ಪ್ರೆಶರ್ ಬರಿಸಬೇಕು. ಸ್ಟಾರ್ಟ್ ಆದ ಮೇಲೆ ಎರಡು ಮೂರು ನಿಮಿಷ ಎಕ್ಸಲರೇಟರ್ ಮುಟ್ಟಬಾರದು.

ಶೇಂಗಾ ಎಣ್ಣೆ ಮಿಲ್ಲುಗಳಿಂದ ‘ಎಣ್ಣೆ ನಗರ’ ಎನಿಸಿಕೊಂಡ ಊರು ನಮ್ಮದು. ಎಕ್ಸ್‌ಪೆಲ್ಲರ್ ಬಿಚ್ಚಿ ಕಟ್ಟಿದ ಫಿಟ್ಟರ್ ಬೇರಿಂಗಿಗೆ ಗ್ರೀಸು ತುಂಬದೆ ಸ್ವಿಚ್ ಒತ್ತುವುದಿಲ್ಲ. ಅದೇ ಶಿಸ್ತು ಕಾರಿನ ಗ್ಯಾರೇಜಿಗೂ ಬೇಕು.

ಸುತ್ತಲಿನ ತಳಕು, ಬಿ.ಜಿ. ಕೆರೆ, ರಾಂಪುರದ ಹುಡುಗರು ನಮ್ಮಂಥ ಗ್ಯಾರೇಜುಗಳಲ್ಲಿ ನೋಡಿ ನೋಡಿಯೇ ಕೆಲಸ ಕಲಿಯುತ್ತಾರೆ. ಹೊಸ ಟರ್ಬೊ ಡಬ್ಬಿಯ ಸೂಚನೆ ಚೀಟಿ ನನ್ನ ಕೈಗೆ ಬಂದಾಗಲೆಲ್ಲ ಇಂಗ್ಲಿಷಿನಲ್ಲೇ ಇತ್ತು. ಓದಲಾಗದ ಚೀಟಿ ಡಬ್ಬಿಯ ಜೊತೆ ಕಸಕ್ಕೆ ಹೋಗುತ್ತದೆ. ಕರ್ನಾಟಕದಲ್ಲಿ ಬಿಡಿಭಾಗ ಮಾರುವ ಕಂಪನಿಗಳು ಅದನ್ನು ಕನ್ನಡದಲ್ಲೂ ಅಚ್ಚು ಹಾಕಬೇಕು. ಐಟಿಐಗಳಲ್ಲಿ ಟರ್ಬೊಗೆ ಎಣ್ಣೆ ಹಾಕಿ ಕೂರಿಸುವ ಈ ಕೆಲಸವನ್ನು ಪ್ರತಿ ವಿದ್ಯಾರ್ಥಿಯ ಕೈಯಲ್ಲೇ ಮಾಡಿಸಬೇಕು.

ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ. ಟರ್ಬೊ ಕೂರಿಸುವ ದಿನ ಮೆಕ್ಯಾನಿಕ್ಕನ್ನು ಅವಸರಿಸಬೇಡಿ, ಅರ್ಧ ಗಂಟೆ ಹೆಚ್ಚು ಕೊಡಿ. ಹಳೆಯದು ಕೆಟ್ಟದ್ದೇಕೆ, ಆಯಿಲ್ ಮತ್ತು ಫಿಲ್ಟರ್ ಬದಲಾಯಿತೇ, ಕೂರಿಸುವ ಮೊದಲು ಟರ್ಬೊಗೆ ಎಣ್ಣೆ ಹಾಕಿದಿರೇ ಎಂದು ಕೇಳಿ. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸರಿಯಾಗಿ ಕೆಲಸ ಮಾಡಿದವನು ಬರೆದುಕೊಡಲು ಹಿಂಜರಿಯುವುದಿಲ್ಲ.