ಸಂಗೀತವನ್ನು ಬುದ್ಧಿಯ ಟಾನಿಕ್ ಮಾಡಬೇಡಿ

ಮಕ್ಕಳನ್ನು ಕೀಬೋರ್ಡ್ ಕ್ಲಾಸಿಗೋ ವೀಣೆ ಪಾಠಕ್ಕೋ ಸೇರಿಸುವ ತಂದೆ–ತಾಯಿ ಈಗ ಕೊಡುವ ಕಾರಣ ಹೆಚ್ಚುಕಡಿಮೆ ಒಂದೇ: ‘ಏಕಾಗ್ರತೆ ಬರುತ್ತಂತೆ, ಗಣಿತ ಚುರುಕಾಗುತ್ತಂತೆ’. ಅದೇ ಮಗು ಒಂಬತ್ತನೇ ತರಗತಿಗೆ ಬಂತೆಂದರೆ ಪಾಠ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿಗೆ ತೊಂದರೆಯಾಗಬಾರದಲ್ಲ! ಬುದ್ಧಿ ಬೆಳೆಯಲೆಂದು ಹಚ್ಚಿದ ಸಂಗೀತ, ಬುದ್ಧಿಗೆ ಕೆಲಸ ಬೀಳುವ ಹೊತ್ತಿಗೆ ಅಡ್ಡಿಯಾಗಿ ಕಾಣುವುದಾದರೆ, ಆ ಮಾತನ್ನು ಆಡುವವರೇ ಅದನ್ನು ಪೂರ್ತಿ ನಂಬಿಲ್ಲ ಎಂದಾಯಿತು. ಸಂಶೋಧನೆಗಳನ್ನು ನೋಡಿದರೆ ನಂಬದಿರುವುದೇ ಸರಿ.

ಈ ನಂಬಿಕೆಗೆ ವಿಜ್ಞಾನದ ಮುದ್ರೆ ಬಿದ್ದದ್ದು 1993ರಲ್ಲಿ. ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ ರಾಷರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಸೊನಾಟಾ ಒಂದನ್ನು ಹತ್ತು ನಿಮಿಷ ಕೇಳಿಸಿ, ಮಡಚಿ ಕತ್ತರಿಸಿದ ಕಾಗದ ಬಿಡಿಸಿದಾಗ ಹೇಗೆ ಕಾಣುತ್ತದೆ ಎಂಬಂಥ ಪ್ರಶ್ನೆಗಳನ್ನು ಕೊಟ್ಟರು. ಅಂಕ ಎಂಟು–ಒಂಬತ್ತರಷ್ಟು ಏರಿತು. ಆ ಚುರುಕು ಹದಿನೈದು ನಿಮಿಷ ದಾಟುವುದಿಲ್ಲ ಎಂದು ‘ನೇಚರ್’ ಪತ್ರಿಕೆಯ ಆ ವರದಿಯೇ ಹೇಳಿತ್ತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಹಂಚಲು 1,05,000 ಡಾಲರ್ ಕೇಳಿದರು. ಸ್ಟೀಫನ್ ಕಿಂಗನ ಕಥೆ ಕೇಳಿಸಿದರೂ, ಕೇಳುವವರಿಗೆ ಅದು ಇಷ್ಟವಾದರೆ, ಅಂಕ ಹಾಗೆಯೇ ಏರುತ್ತದೆ ಎಂಬುದು ಮರುವರ್ಷವೇ ಗೊತ್ತಾಯಿತು. ಮೊಜಾರ್ಟ್ ಮಾಡಿದ್ದು ಇಷ್ಟೇ: ಆ ಹುಡುಗರ ನಿದ್ದೆಮಂಪರು ಬಿಡಿಸಿದ್ದು.

ಕೇಳುವುದು ಬೇರೆ, ನುಡಿಸುವುದು ಬೇರೆ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡುವ ಏಳು ವರ್ಷದ ಹುಡುಗಿಯನ್ನು ಹತ್ತಿರದಿಂದ ನೋಡಿ. ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತದೆ: ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ಪೆಟ್ಟು, ಅಂಗೈ ಮೇಲೆ, ಇನ್ನೊಮ್ಮೆ ಪೆಟ್ಟು, ಅಂಗೈ ಮೇಲೆ. ಎರಡನೇ ಕಾಲಕ್ಕೆ ಬಂದಾಗ ಸ್ವರದ ವೇಗ ಇಮ್ಮಡಿಯಾಗುತ್ತದೆ, ಕೈ ಮಾತ್ರ ಹಾಗೇ ಇರಬೇಕು. ಕೈಯೂ ಓಡಿಬಿಡುತ್ತದೆ. ಮೇಷ್ಟ್ರು ಮತ್ತೆ ಮೊದಲಿನಿಂದ ಹೇಳಿಸುತ್ತಾರೆ. ಕಿವಿ, ಗಂಟಲು, ಬೆರಳುಗಳನ್ನು ವರ್ಷಗಟ್ಟಲೆ ಹೀಗೆ ಒಟ್ಟಿಗೆ ಪಳಗಿಸಿದರೆ ಮಿದುಳು ಸುಮ್ಮನಿರುವುದಿಲ್ಲ. ತಂತಿವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮಿದುಳಿನಲ್ಲಿ ಹೆಚ್ಚು ಜಾಗ ಮೀಸಲಾಗಿರುತ್ತದೆಂದು, ಬೇಗ ಕಲಿಯಲು ತೊಡಗಿದವರಲ್ಲಿ ಅದು ಇನ್ನೂ ಹೆಚ್ಚೆಂದು, 1995ರಲ್ಲಿ ಜರ್ಮನಿಯ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ತೋರಿಸಿದರು. ಮಿದುಳು ಬದಲಾಗುತ್ತದೆ, ನಿಜ. ಆದರೆ ಬೆರಳಿಗೆ ಸಿಕ್ಕ ಜಾಗ ಬೀಜಗಣಿತಕ್ಕೂ ಒದಗುತ್ತದೆಯೇ?

ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ ಇದನ್ನು ಆರು ವರ್ಷದ 144 ಮಕ್ಕಳ ಮೇಲೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಗಾಯನ, ಕೆಲವರಿಗೆ ನಾಟಕ, ಉಳಿದವರಿಗೆ ಏನೂ ಇಲ್ಲ. ಬುದ್ಧಿಮಾಪಕ ಅಂಕ ಎಲ್ಲರದೂ ಏರಿತು: ಸಂಗೀತದವರದು ಸರಾಸರಿ 7, ಮಿಕ್ಕವರದು 4.3. ನಡುವಿನ ಅಂತರ ಮೂರು ಅಂಕವೂ ಇಲ್ಲ. ನಂತರ 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೊಬೆ, ಪ್ರಯೋಗ ಕಟ್ಟುನಿಟ್ಟಾದಷ್ಟೂ ಲಾಭ ಸೊನ್ನೆಯ ಹತ್ತಿರಕ್ಕೆ ಬರುತ್ತದೆ ಎಂದು 2020ರಲ್ಲಿ ಬರೆದರು. ಅದೇ ಲೆಕ್ಕವನ್ನು ಮತ್ತೆ ಹಾಕಿ ‘ಇಲ್ಲ, ಸಣ್ಣ ಲಾಭ ಇದೆ’ ಎಂದವರೂ ಇದ್ದಾರೆ. ಜಗಳ ಇರುವುದು ಸಣ್ಣದರ ಮತ್ತು ಸೊನ್ನೆಯ ನಡುವೆ ಎಂಬುದನ್ನು ಪಾಲಕರು ಗಮನಿಸಬೇಕು.

ಇನ್ನು ಗುಣ–ನಡತೆ. ಶೆಲೆನ್‌ಬರ್ಗ್ ಪ್ರಯೋಗದಲ್ಲಿ ಇತರರೊಡನೆ ಬೆರೆಯುವ ನಡವಳಿಕೆ ಸುಧಾರಿಸಿದ್ದು ನಾಟಕ ಕಲಿತ ಮಕ್ಕಳಲ್ಲಿ, ಸಂಗೀತ ಕಲಿತವರಲ್ಲಲ್ಲ! ಸಂಗೀತ ಬಲ್ಲವನು ಕೆಟ್ಟವನಾಗಲಾರ ಎಂಬ ಮಾತಿಗೆ ಇತಿಹಾಸವೂ ಸಾಕ್ಷಿ ಹೇಳುವುದಿಲ್ಲ. ಯೆಹೂದಿಗಳ ಸಾಮೂಹಿಕ ಹತ್ಯೆಯ ಯೋಜನೆ ರೂಪಿಸಿದ ನಾಜಿ ಅಧಿಕಾರಿ ರೈನ್‌ಹಾರ್ಡ್ ಹೈಡ್ರಿಕ್ ಒಳ್ಳೆಯ ಪಿಟೀಲು ವಾದಕ, ಸಂಗೀತ ಶಾಲೆ ಕಟ್ಟಿದವನ ಮಗ. ಅಷ್ಟು ದೂರ ಹೋಗುವುದೂ ಬೇಡ. ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನು ‘ಗಾನೇವಾಲಿ’ ಎಂದು ಹಂಗಿಸಿದ್ದು ಸಂಗೀತಕ್ಕೆ ತಲೆದೂಗುವ ಇದೇ ಸೀಮೆ. 2018ರಲ್ಲಿ ಲೈಂಗಿಕ ಕಿರುಕುಳದ ದೂರುಗಳು ಎದ್ದಾಗ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ತನ್ನ ಡಿಸೆಂಬರ್ ಉತ್ಸವದಿಂದ ಏಳು ಕಲಾವಿದರನ್ನು ಕೈಬಿಟ್ಟಿತು. ರಾಗ ಶುದ್ಧವಾಗಿದ್ದ ಮಾತ್ರಕ್ಕೆ ನಡತೆ ಶುದ್ಧವಾಗುವುದಿಲ್ಲ.

ಹಾಗಾದರೆ ಏನೂ ಇಲ್ಲವೇ? ಇದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಾಲ್ಕು ವರ್ಷದ ಮಕ್ಕಳನ್ನು ಒಟ್ಟಿಗೆ ಹಾಡಿ ಕುಣಿಸಿದಾಗ, ಹಾಡಿಲ್ಲದೆ ಅದೇ ಆಟ ಆಡಿದವರಿಗಿಂತ ಅವರು ಒಬ್ಬರಿಗೊಬ್ಬರು ಹೆಚ್ಚು ನೆರವಾದರು. ಇಲ್ಲಿ ‘ಒಟ್ಟಿಗೆ’ ಎಂಬುದು ಮುಖ್ಯ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಬದುಕು ಬದಲಾದದ್ದು ರಾಗವೊಂದರಿಂದಲೇ ಅಲ್ಲ. ಅನ್ನ, ಆಸರೆ, ತಾವೂ ಕಣ್ಣಿಲ್ಲದವರಾಗಿದ್ದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಕಾಳಜಿ ಅದರ ಜೊತೆಗಿದ್ದವು. ಸಂಗೀತ ಒಳ್ಳೆಯದನ್ನು ಮಾಡುವುದು ಹೀಗೆ, ಅದನ್ನು ಕಲಿಸುವ ಜಾಗ ಒಳ್ಳೆಯದಾಗಿದ್ದಾಗ.

ಗಣಿತದ ಅಂಕದ ಆಸೆ ತೋರಿಸಿ ಸಂಗೀತ ಕಲಿಸುವುದರಲ್ಲಿ ಒಂದು ಅಪಾಯವಿದೆ. ನಾಳೆ ಅಬಾಕಸ್ಸೋ ಕೋಡಿಂಗೋ ಹೆಚ್ಚು ಅಂಕ ತರುತ್ತದೆ ಎಂದಾದರೆ ಶಾಲೆಯ ಸಂಗೀತ ಪೀರಿಯಡ್ ಅಂದೇ ರದ್ದಾಗುತ್ತದೆ. ಮಗುವಿಗೆ ಹಾಡಲು ಬರುತ್ತದೆ ಎಂಬುದೇ ಸಾಕಷ್ಟು ದೊಡ್ಡ ಲಾಭ. ಆದ್ದರಿಂದ ಪಾಲಕರು ಬುದ್ಧಿಯ ಜಾಹೀರಾತು ನೋಡಿ ಫೀಸು ಕಟ್ಟುವ ಬದಲು ಒಂದು ದಿನ ಕ್ಲಾಸಿನಲ್ಲಿ ಕುಳಿತು, ತಾಳ ತಪ್ಪಿದ ಮಗುವಿನೊಂದಿಗೆ ಮೇಷ್ಟ್ರು ಹೇಗೆ ಮಾತಾಡುತ್ತಾರೆಂದು ನೋಡಲಿ. ಅದು ಹಿಡಿಸಿದರೆ ಸೇರಿಸಲಿ, ಒಂಬತ್ತನೇ ತರಗತಿಗೆ ಬಂದಾಗ ಬಿಡಿಸದಿರಲಿ.